ಮಲಗಿಸಿದ ಸಾಲುಗಳು

ಗಾದಿ ಮಾಡುವ ಫಕೀರಸಾಬನ ಮಗಳು ನಾಜಮೀನಳ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಗಜೇಂದ್ರಗಡದ ಆ ಓಣಿಗೆಲ್ಲ ಅದೊಂದೇ. ಈಶಪ್ಪ ಸರ್ ನಡೆಸುತ್ತಿದ್ದ ತರಬೇತಿ ಕೇಂದ್ರದಲ್ಲಿ ಅವಳು ಒಂದು ವರ್ಷ ಕಲಿತು, ಇನ್ನೊಂದು ವರ್ಷ ಅಲ್ಲಿಯೇ ಹುಡುಗಿಯರಿಗೆ ಕಲಿಸಿದ್ದಳು. ಸರ್ ಕೇಂದ್ರ ಮುಚ್ಚಿ ಗದಗಿಗೆ ಹೋಗುವಾಗ ಹಳೆಯದೊಂದು ಯಂತ್ರವನ್ನು ಅವಳಿಗೆ ಬಿಟ್ಟುಹೋದರು. ಫಕೀರಸಾಬ ಅದನ್ನು ತಳ್ಳುಗಾಡಿಯಲ್ಲಿ ಎರಡು ಹೊಸ ಗಾದಿಗಳ ನಡುವೆ ಇಟ್ಟು, ಮೇಲೊಂದು ಚಾದರ ಹೊದಿಸಿ, ಎಳೆಗೂಸನ್ನು ತಂದಹಾಗೆ ಮನೆಗೆ ತಂದ.

ಮನೆಯ ಮುಂದಿನ ಖೋಲಿಯಲ್ಲಿ ಒಂದು ಕಡೆ ಅಪ್ಪ ಅರಳೆ ಹಿಂಜುವ ಬಿಲ್ಲು ಮತ್ತು ಅರಳೆಯ ರಾಶಿ, ಇನ್ನೊಂದು ಕಡೆ ಕಿಟಕಿಯ ಬದಿಗೆ ಮಗಳ ಕಂಪ್ಯೂಟರ್. ಫಕೀರಸಾಬ ಬಿಲ್ಲು ಮಿಡಿದಾಗಲೆಲ್ಲ ಖೋಲಿ ಗುಂಯ್‌ಗುಡುತ್ತಿತ್ತು. ಅರಳೆಯ ಎಳೆಗಳು ಬೆಳಗಿನ ಬಿಸಿಲಿನಲ್ಲಿ ತೇಲಿ, ಇಳಿಯಲೋ ಬೇಡವೋ ಎಂಬಂತೆ ನಿಂತು, ಕೊನೆಗೆ ಪರದೆಯ ಗಾಜಿಗೆ ಹತ್ತಿಕೊಳ್ಳುತ್ತಿದ್ದವು. ಕಪ್ಪು ಪರದೆಯ ಮೇಲೆ ಹಳದಿ ಚೌಕಗಳು, ಚೌಕಗಳ ಮೇಲೆ ಬಿಳಿ ಎಳೆಗಳು. ನಾಜಮೀನ ಅವನ್ನು ಒರೆಸದೆ ಸುಮ್ಮನೆ ನೋಡುತ್ತ ಕೂರುತ್ತಿದ್ದಳು.

ಅವಳಿಗೆ ಬರುತ್ತಿದ್ದದ್ದು ಒಂದೇ ಪ್ರೋಗ್ರಾಮು. ಸೊನ್ನೆ, ಒಂದು ಎಂದು ಸಾಲುಸಾಲಾಗಿ ಬರೆದರೆ ಅದು ಸೊನ್ನೆ ಇದ್ದಲ್ಲಿ ಖಾಲಿ ಬಿಟ್ಟು, ಒಂದು ಇದ್ದಲ್ಲಿ ಚೌಕ ತುಂಬುತ್ತ ಹೋಗುತ್ತಿತ್ತು. ಮೊದಲಿನ ಇಪ್ಪತ್ತು ಸಾಲುಗಳನ್ನು ಬರೆದುಕೊಟ್ಟವರು ಈಶಪ್ಪ ಸರ್. ಅವು ಹೇಗೆ ಕೆಲಸ ಮಾಡುತ್ತವೆಂದು ನಾಜಮೀನಳಿಗೆ ಪೂರ್ತಿ ತಿಳಿಯದು. ಹಾಗಾಗಿ ಅವಕ್ಕೆ ಕೈ ಹಚ್ಚುತ್ತಿರಲಿಲ್ಲ. ಕೆಳಗಿನ ಸೊನ್ನೆ-ಒಂದುಗಳನ್ನು ಮಾತ್ರ ಬದಲಿಸಿ ಹೂವು, ಬಳ್ಳಿ, ಗೋಪುರ ಮಾಡುತ್ತಿದ್ದಳು.

ಹಿಂದಿನ ಓಣಿಯ ಸಾವಕ್ಕ ಹಳೆಯ ಗಾದಿ ಹಿಂಜಿಸಿಕೊಳ್ಳಲು ಬಂದಾಗ ಇದನ್ನು ನೋಡಿದಳು. ಅವಳ ಗಂಡ ಗವಿಸಿದ್ದಪ್ಪ ಕೈಮಗ್ಗದಲ್ಲಿ ಸೀರೆ ನೇಯುವವನು. ಸೀರೆಯ ಅಂಚಿಗೆ ಚಿತ್ತಾರ ಬರೆದುಕೊಡುತ್ತಿದ್ದವಳು ಸಾವಕ್ಕ. ಆಗ ಅವಳಿಗೆ ಅರವತ್ತರ ಹತ್ತಿರ.

"ಇದೇನವಾ ನಾಜಮೀನಾ, ನಮ್ಮ ಚೌಕಳಿ ಹಾಳಿ ಇದ್ದಂಗ ಐತಲ್ಲ!"

"ಹೌದ್ರಿ ಸಾವಕ್ಕಾರ. ಹೇಳ್ರಿ, ಯಾವ ಹೂವು ಬೇಕು, ತೆಗೀತೇನಿ."

ಸಾವಕ್ಕ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಒಂದು ವರ್ಷ ಆತು, ಪೆನ್ಸಿಲ್ ಹಿಡಿದ್ರ ಗೆರಿ ನಿಲ್ಲವಲ್ದು. ಕಣ್ಣಾಗ ಕಂಡದ್ದು ಹಾಳಿಗೆ ಇಳಿಯಂಗಿಲ್ಲ. ನಾ ಹೇಳ್ತೇನಿ, ನೀ ತೆಗೀತೀಯೇನು?"

ಸಾವಕ್ಕನಿಗೆ ಅಂಚುಗಳು ಕಾಣುತ್ತಿದ್ದದ್ದು ನಸುಕಿನ ನಿದ್ದೆಯಲ್ಲಿ. ಎದ್ದು ಮುಖ ತೊಳೆಯುವ ಮೊದಲೇ ಹೇಳಬೇಕು, ಇಲ್ಲದಿದ್ದರೆ ನೀರಿನ ಜೊತೆ ಹೋಗಿಬಿಡುತ್ತವೆ ಎನ್ನುತ್ತಿದ್ದಳು. ಹೀಗಾಗಿ ಮರುದಿನದಿಂದ ಅವಳು ಹೊತ್ತು ಮೂಡುವ ಮೊದಲೇ, ತಲೆಯ ಮೇಲೆ ಸೆರಗು ಹೊದ್ದು, ಅರೆಗಣ್ಣಿನಲ್ಲಿ ಓಣಿ ದಾಟಿ ಬರತೊಡಗಿದಳು. ದಾರಿಯಲ್ಲಿ ಯಾರು ಮಾತಾಡಿಸಿದರೂ ಓಗೊಡುತ್ತಿರಲಿಲ್ಲ. ಬಂದು ಅರಳೆಯ ರಾಶಿಗೆ ಒರಗಿ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಎರಡು ಮನಿ ಬಿಡು. ಒಂದು ತುಂಬು. ಮತ್ತ ಒಂದು ಬಿಡು. ಈಗ ಆನಿ ಸೊಂಡಿ ತಿರುಗ್ತದ ನೋಡು..." ನಾಜಮೀನ ಒತ್ತುತ್ತ ಹೋಗುತ್ತಿದ್ದಳು. ಫಕೀರಸಾಬ ಆ ಹೊತ್ತಿನಲ್ಲಿ ಬಿಲ್ಲು ಮುಟ್ಟದೆ ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

ನಾಜಮೀನ ಏನನ್ನೂ ಅಳಿಸುತ್ತಿರಲಿಲ್ಲ. ನಿನ್ನೆಯ ಫೈಲಿನ ನಕಲು ತೆಗೆದು, ಹೊಸ ಹೆಸರು ಕೊಟ್ಟು, ಅದರಲ್ಲಿ ಇವತ್ತಿನದನ್ನು ಬದಲಿಸುತ್ತಿದ್ದಳು. ಹೆಸರಿಗೆ ಎಂಟೇ ಅಕ್ಷರ ಸಿಗುತ್ತಿದ್ದವು. ಸಾಲದೆಂದು ಮೊದಲ ಸಾಲಿನಲ್ಲಿ, ಕಂಪ್ಯೂಟರ್ ಓದದಂತೆ ಗುರುತು ಹಾಕಿ, ಆ ದಿನದ ಸಂಗತಿ ಬರೆಯುತ್ತಿದ್ದಳು: ಇವತ್ತು ತುಂತುರು ಮಳೆ, ಇವತ್ತು ಸಾವಕ್ಕಾರ ನೀಲಿ ಸೀರೆ ಉಟ್ಟಿದ್ದರು. ಯಾವ ಅಂಚು ಯಾವಾಗಿನದು ಎಂದು ಅವಳಿಗೆ ಗೊತ್ತಾಗುತ್ತಿದ್ದದ್ದು ಮಳೆಯಿಂದ, ಸೀರೆಯಿಂದ. ಬೇಡವಾದ ಸಾಲುಗಳ ಮುಂದೆಯೂ ಅದೇ ಗುರುತು ಹಾಕುತ್ತಿದ್ದಳು. ಆಗ ಸಾಲು ಫೈಲಿನಲ್ಲಿ ಇದ್ದಲ್ಲೇ ಇರುತ್ತಿತ್ತು, ಚಿತ್ರದಲ್ಲಿ ಮಾತ್ರ ಬರುತ್ತಿರಲಿಲ್ಲ.

"ಅಳಿಸಿದ್ಯೇನು?" ಎಂದು ಒಮ್ಮೆ ಸಾವಕ್ಕ ಗಾಬರಿಯಿಂದ ಕೇಳಿದಳು.

"ಇಲ್ರಿ, ಮಲಗಿಸೇನಿ. ಬೇಕಾದಾಗ ಎಬ್ಬಿಸಬಹುದು."

ಆ ಮಾತು ಸಾವಕ್ಕನಿಗೆ ಹಿಡಿಸಿತು. ಅಂದಿನಿಂದ ಅವಳೂ "ಆ ಹೂವು ಮಲಗಿಸು, ಈ ಬಳ್ಳಿ ಎಬ್ಬಿಸು" ಎನ್ನತೊಡಗಿದಳು.

ಈ ಫೈಲುಗಳ ಒಂದೊಂದು ನಕಲು ನರಗುಂದಕ್ಕೂ ಹೋಗುತ್ತಿತ್ತು. ಅಲ್ಲಿ ಅನ್ನಪೂರ್ಣ ಇದ್ದಳು. ಈಶಪ್ಪ ಸರ್ ಕೇಂದ್ರದಲ್ಲಿ ನಾಜಮೀನಳ ಜೊತೆ ಕಲಿತು, ಮದುವೆಯಾಗಿ ನರಗುಂದ ಸೇರಿದವಳು. ಗಂಡನದು ಜೆರಾಕ್ಸ್ ಅಂಗಡಿ. ಅಂಗಡಿಯ ಕಂಪ್ಯೂಟರ್ ಬಿಡುವಾದಾಗ ಚೌಕಗಳ ಚಿತ್ರ ತೆಗೆದು, ಅದನ್ನು ನೋಡಿ ಕುಪ್ಪಸಗಳ ಮೇಲೆ ಕಸೂತಿ ಹಾಕುತ್ತಿದ್ದಳು. ಬಳೆ ವ್ಯಾಪಾರಿ ಸುಭಾನಸಾಬ ವಾರಕ್ಕೊಮ್ಮೆ ನರಗುಂದದ ಸಂತೆಗೆ ಹೋಗುವಾಗ ಬಳೆ ಡಬ್ಬಿಯಲ್ಲಿ ಒಂದು ಫ್ಲಾಪಿ ಇಟ್ಟುಕೊಂಡು ಹೋಗುತ್ತಿದ್ದ; ಬರುವಾಗ ಇನ್ನೊಂದನ್ನು ತರುತ್ತಿದ್ದ. ಅನ್ನಪೂರ್ಣಳ ಫೈಲುಗಳ ಮೊದಲ ಸಾಲಿನಲ್ಲಿಯೂ ಸುದ್ದಿ ಇರುತ್ತಿತ್ತು: ಕೆಂಪು ದಾರ ಮುಗಿಯಿತು, ಅದಕ್ಕೆ ನೀಲಿ. ಅತ್ತೆಗೆ ಜ್ವರ. ನಿನ್ನ ಬಳ್ಳಿಗೆ ಕಾಯಿ ಬಿಡಿಸೇನಿ, ಸಿಟ್ಟಾಗಬೇಡ.

ಹೀಗೆ ಒಂದು ವರ್ಷ ನಡೆಯಿತು.

ಮುಂದಿನ ಶ್ರಾವಣದಲ್ಲಿ ಸಾವಕ್ಕ ಮೂರು ಮುಂಜಾನೆ ಒಂದೇ ಕನಸಿನ ಬೆನ್ನು ಹತ್ತಿದಳು. ಜೋಳದ ಹೊಲದ ಮೇಲೆ ಹಕ್ಕಿಗಳು. "ಹೊಂಟಾವು, ಆದರ ರೆಕ್ಕಿ ಬಡಿಯೂದಿಲ್ಲ. ನಿಂತಲ್ಲೇ ಹೊಂಟಾವು," ಎಂದಳು ಮೊದಲ ದಿನ. ಆ ದಿನ ಹಕ್ಕಿ ಸರಿಯಾಗಿ ಬರಲಿಲ್ಲ, ಬಾತುಕೋಳಿಯಂತೆ ಕಂಡಿತು. ಎರಡನೆಯ ದಿನ ಹೇಳುತ್ತ ಹೇಳುತ್ತ ಸಾವಕ್ಕನ ದನಿ ತೀರ ಇಳಿದು, ನಾಜಮೀನ ಅವಳ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು. ಮೂರನೆಯ ದಿನ ಸಾವಕ್ಕ ಸ್ಪಷ್ಟವಾಗಿ, ಚುರುಕಾಗಿ ಹೇಳಿದಳು. ಹಕ್ಕಿಗಳನ್ನು ಜೋಡಿ ಮಾಡಿ ಎದುರುಬದರು ನಿಲ್ಲಿಸಿದಳು. ಅಂಚು ಅಂದವಾಗಿ ಕೂತಿತು. ಮೂರೂ ದಿನದ ಮೂರು ಫೈಲುಗಳಾದವು. ಮರುವಾರ ಸಾವಕ್ಕ ಮುಶಿಗೇರಿಯ ಮಗಳ ಮನೆಗೆ ಬಾಣಂತನಕ್ಕೆ ಹೋದಳು.

ಅವಳು ಅಲ್ಲಿರುವಾಗ ಈಶಪ್ಪ ಸರ್ ಊರಿಗೆ ಬಂದರು. ಹಳೆಯ ವಿದ್ಯಾರ್ಥಿನಿ ಕಂಪ್ಯೂಟರ್ ಕೆಡದಂತೆ ಇಟ್ಟುಕೊಂಡದ್ದು ನೋಡಿ ಅವರಿಗೆ ಭಾಳ ಖುಷಿಯಾಯಿತು. ಫೈಲುಗಳ ಪಟ್ಟಿ ತೆರೆದಾಗ ಮಾತ್ರ ನಕ್ಕುಬಿಟ್ಟರು. ಪರದೆ ತುಂಬಿ, ಮತ್ತೆ ತುಂಬಿ, ಮತ್ತೆ ಉರುಳುತ್ತಿತ್ತು.

"ಇಷ್ಟ್ಯಾಕವಾ? ಒಂದ ಪ್ರೋಗ್ರಾಮಿಗೆ ಇನ್ನೂರು ಫೈಲು! ಹೊಸಾದು ಸರಿ ಆತಂದ್ರ ಹಳೇದು ತಗೀಬೇಕು. ಇಲ್ಲಂದ್ರ ನಾಳೆ ನಿನಗ ನಿಂದೇ ಸಿಗಂಗಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು, ತಾಳ್ಮೆಯಿಂದ, ಒಂದೊಂದು ಅಂಚಿಗೂ ಕೊನೆಯದೊಂದನ್ನು ಉಳಿಸಿ ಉಳಿದದ್ದನ್ನು ತೆಗೆಸಿದರು. ಮಲಗಿಸಿದ ಸಾಲುಗಳನ್ನೂ ತೆಗೆಸಿದರು. ಹಳೆಯ ಫ್ಲಾಪಿಗಳನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸಿದರು. ಸಂಜೆಗೆ ಮೂವತ್ತೊಂದು ಫೈಲುಗಳು ಸಾಲಾಗಿ ನಿಂತವು. ನಾಜಮೀನಳಿಗೆ ಈದ್ ಹಬ್ಬದ ಮುಂಚೆ ಮನೆ ಸುಣ್ಣ ಹೊಡೆದಷ್ಟು ಹಗುರೆನಿಸಿತು.

ಸಾವಕ್ಕ ಮುಶಿಗೇರಿಯಿಂದ ಬಂದ ಮರುದಿನವೇ ಖೋಲಿಗೆ ಬಂದಳು.

"ಹಕ್ಕಿ ಅಂಚು ತೆಗಿಯವಾ. ನಮ್ಮ ಮನಿಯವರು ಮಗ್ಗಕ್ಕ ಹಾಕ್ತೇನಂತಾರ. ಆದರ ಮೂರನೇದ್ದು ಬ್ಯಾಡ, ಎರಡನೇದ್ದು ತೆಗಿ."

ನಾಜಮೀನಳ ಕೈ ನಿಂತಿತು. "ಮೂರನೇದ್ದ ಚಲೋ ಇತ್ತಲ್ರೀ."

"ಚಲೋ ಐತಿ. ಆದರ ಅದು ನಾ ಎಚ್ಚರಾಗಿ ಹೇಳಿದ್ದವಾ. ಮುಶಿಗೇರ್ಯಾಗ ಕೂಸಿನ ತೊಟ್ಲಾ ತೂಗುವಾಗ ನೆನಪಾತು. ಖರೇ ಕಂಡದ್ದು ಎರಡನೇದ್ದು. ಹಕ್ಕಿ ಜೋಡಿ ಇರಲಿಲ್ಲ. ಎಲ್ಲಾ ಒಂದ ಕಡೆ ಹೊಂಟಿದ್ವು."

ಸುಳ್ಳು ಹೇಳಬಹುದಿತ್ತು. ಕರೆಂಟ್ ಇಲ್ಲ ಎನ್ನಬಹುದಿತ್ತು. ನಾಜಮೀನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಸಾವಕ್ಕಾರ, ಅದು ಇಲ್ರಿ. ನಾನ ತೆಗೆದೆ."

"ಮಲಗಿಸಿದ್ಯೇನು?"

"ಇಲ್ರಿ. ಅಳಿಸಿದೆ."

ಸಾವಕ್ಕ ಬಯ್ಯಲಿಲ್ಲ. ಅರಳೆಯ ರಾಶಿಯ ಮೇಲೆ ಕೈಯಾಡಿಸಿದಳು. "ಇರ್ಲಿ ಬಿಡು. ಮತ್ತ ಮಕ್ಕೊಂಡು ನೋಡ್ತೇನಿ. ಬಂದ್ರ ಬರ್ಲಿ," ಎಂದಳು.

ಫಕೀರಸಾಬ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಬೆಳವಣಕಿಯ ಕಡೆಯಿಂದ ಬಂದ ಹೊಸ ಅರಳೆಯನ್ನು ಬಿಚ್ಚಿ, ದಿನವಿಡೀ ಹಿಂಜಿ, ಮೆತ್ತಗೆ ಒಂದು ಗಾದಿ ಹೊಲಿದು, ತಾನೇ ಹೊತ್ತುಕೊಂಡು ಹೋಗಿ ಸಾವಕ್ಕನ ಮನೆಯಲ್ಲಿ ಹಾಸಿ ಬಂದ. "ಇದರ ಮ್ಯಾಲೆ ಮಕ್ಕೋರಿ ಅಕ್ಕಾರ. ಇದರಾಗ ಒಂದೂ ಗಂಟಿಲ್ಲ," ಎಂದ.

ಸಾವಕ್ಕ ಆರು ನಸುಕು ಅದರ ಮೇಲೆ ಮಲಗಿ ನೋಡಿದಳು. ಕನಸುಗಳು ಬಂದವು. ಒಂದು ಬಿಳಿ ಆಕಳು ಅಡುಗೆಮನೆಯಲ್ಲಿ ನಿಂತು ಹಾಲು ಉಕ್ಕುವುದನ್ನು ಕಾಯುತ್ತಿತ್ತು. ಸತ್ತುಹೋದ ಅವ್ವ ಬಾವಿಯ ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು, ಕೂದಲು ನೀರಿನವರೆಗೆ ಇಳಿದಿತ್ತು. ಕನಸು ಮುಗಿಯುವಾಗ ದೂರದಲ್ಲಿ ಜೋಳದ ಹೊಲ ಕಾಣುತ್ತಿತ್ತು, ಆದರೆ ಅದರ ಮೇಲೆ ಬರೀ ಆಕಾಶ. ನಾಜಮೀನ ಹಗಲಿಡೀ ನೆನಪಿನಿಂದ ಚೌಕ ತುಂಬಿ ನೋಡಿದಳು. ಬಂದದ್ದೆಲ್ಲ ಮೂರನೆಯ ದಿನದ ಹಕ್ಕಿಗಳೇ, ತಿರುಗಿ ನಿಂತವು ಅಷ್ಟೇ.

ಏಳನೆಯ ದಿನ ಸುಭಾನಸಾಬ ಓಣಿಯಲ್ಲಿ ಬಳೆ ಕೂಗುತ್ತ ಹೋದ. ನಾಜಮೀನ ಎದ್ದು ಹೊರಗೆ ಓಡಿದಳು. "ಚಾಚಾ, ಶ್ರಾವಣದಾಗ ನರಗುಂದಕ್ಕ ಫ್ಲಾಪಿ ಒಯ್ದಿದ್ರೇನು?"

"ಒಯ್ಯದ ಏನವಾ? ಒಂದು ವಾರಾನೂ ತಪ್ಪಿಸಿಲ್ಲ."

ಅವಳು ನಾಣ್ಯದ ಫೋನಿನಿಂದ ಜೆರಾಕ್ಸ್ ಅಂಗಡಿಗೆ ಫೋನ್ ಹಚ್ಚಿದಳು. ಅನ್ನಪೂರ್ಣ ಎಲ್ಲ ಕೇಳಿ, "ಇರಬೇಕ ನೋಡು. ಆದರ ನೀ ಇಟ್ಟ ಹೆಸರು ನಾ ಇಡಂಗಿಲ್ಲ. ಮ್ಯಾಲೆ ಏನೇನೋ ಬದಲ್ ಮಾಡೇನಿ. ಯಾವುದು ಅಂತ ಕಳಿಸ್ಲಿ? ಕನಸು ಕಂಡವರನ್ನ ಕರಕೊಂಡು ಬಾ," ಎಂದಳು.

ಸಾವಕ್ಕ ರೋಣ ದಾಟಿ ಆ ಕಡೆ ಎಂದೂ ಹೋದವಳಲ್ಲ. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು, ಹೊರಗೆ ನೋಡುತ್ತಲೇ ಇದ್ದಳು. ಎರೆಹೊಲಗಳು ಮಳೆ ಕುಡಿದು ಕಪ್ಪಗೆ ಹೊಳೆಯುತ್ತಿದ್ದವು. ಬೆಳವಣಕಿ ದಾಟಿದ ಮೇಲೆ ನೆಲ ಎಷ್ಟು ಚಪ್ಪಟೆಯಾಯಿತೆಂದರೆ, ಬಸ್ಸು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಾಯಿತು. "ನಿಂತಲ್ಲೇ ಹೊಂಟೇವಿ ನೋಡವಾ," ಎಂದು ಸಾವಕ್ಕ ಅಂದಳು. ಬಹಳ ಹೊತ್ತಿನ ಮೇಲೆ ನರಗುಂದದ ಗುಡ್ಡ, ಯಾರೋ ಅಲ್ಲಿ ತಂದಿಟ್ಟಂತೆ, ಬಯಲಿನ ನಡುವೆ ಎದ್ದು ಬಂತು.

ಅನ್ನಪೂರ್ಣ ಅಂಗಡಿಯ ಒಳಗಡೆ ಎರಡು ಸ್ಟೂಲು ಹಾಕಿ ಕಾಯುತ್ತಿದ್ದಳು. ಅವಳ ಫೈಲುಗಳ ಹೆಸರುಗಳು ದಾರದ ಬಣ್ಣದ ಮೇಲಿದ್ದವು, ಇಲ್ಲವೆ ಕುಪ್ಪಸ ಹೊಲಿಸಿದವರ ಮೇಲೆ: ಕೆಂಪು ಎರಡು, ಹಸಿರು ಐದು, ಗುಡ್ಡವ್ವ, ಎಂಟಕ್ಷರಕ್ಕೆ ಮೊಟಕಾದ ಶಿರೋಳದ ಮದುಮಗಳು. ನಾಜಮೀನ ಇಟ್ಟ ಹೆಸರೊಂದೂ ಇರಲಿಲ್ಲ. ಒಂದೊಂದನ್ನೇ ತೆರೆದು ನೋಡಬೇಕಾಯಿತು. ಪಕ್ಕದಲ್ಲಿ ಜೆರಾಕ್ಸ್ ಯಂತ್ರದ ಹಸಿರು ಬೆಳಕು ಅತ್ತಿಂದಿತ್ತ ಹರಿಯುತ್ತಿತ್ತು. ಪ್ರತಿ ಸಲ ಅದು ಹರಿದಾಗ ಸಾವಕ್ಕನ ಮುಖ ನೀರಿನೊಳಗಿಂದ ಕಂಡಂತೆ ಕಾಣುತ್ತಿತ್ತು. ಕಾಯಿ ಬಿಟ್ಟ ಬಳ್ಳಿ ಬಂತು. ತಲೆಕೆಳಗಾದ ಗೋಪುರ ಬಂತು. ಸಾವಕ್ಕ ತಾನು ಹೇಳಿ ಮರೆತೇಹೋಗಿದ್ದ ಕಮಲಗಳು ಬೇರೆಯವರ ಎಲೆ ಹೊದ್ದು ಬಂದವು. "ಇದು ನಂದು," "ಇದು ನಂದಲ್ಲ," "ಇದು ಅರ್ಧ ನಂದು," ಎನ್ನುತ್ತ ಅವಳು ನೋಡುತ್ತಿದ್ದಳು.

ಶಿರೋಳದ ಮದುಮಗಳ ಫೈಲಿನಲ್ಲಿ ಒಂದು ಗಿಡ ಇತ್ತು. ದೊಡ್ಡ ಗಿಡ, ಕೊಂಬೆ ತುಂಬ ಎಲೆ. ಹಕ್ಕಿ ಇರಲಿಲ್ಲ. ಅನ್ನಪೂರ್ಣ ಮುಂದಿನದಕ್ಕೆ ಹೋಗುವವಳಿದ್ದಳು. ನಾಜಮೀನ ಅವಳ ಕೈ ಹಿಡಿದಳು. "ಚಿತ್ರ ಬ್ಯಾಡ, ಸಾಲು ತೋರಿಸು."

ಸಾಲುಗಳು ಬಂದವು. ಕೆಳಗೆ, ಗಿಡದ ಸೊನ್ನೆ-ಒಂದುಗಳೆಲ್ಲ ಮುಗಿದ ಮೇಲೆ, ನಾಜಮೀನಳದೇ ಬರಹ: ಎರಡನೇ ಮುಂಜಾನೆ. ಮೋಡ. ಸಾವಕ್ಕಾರ ಚಹಾ ಬೇಡ ಅಂದರು. ಅದರ ಕೆಳಗೆ ಹದಿನೆಂಟು ಸಾಲುಗಳು, ಪ್ರತಿಯೊಂದರ ಮುಂದೆ ಆ ಸಣ್ಣ ಗುರುತು.

"ಯಾವುದು ತಗೀಬೇಕು ಯಾವುದು ತಗೀಬಾರ್ದು ನನಗ ತಿಳೀಲಿಲ್ಲ," ಎಂದಳು ಅನ್ನಪೂರ್ಣ, ತಪ್ಪು ಮಾಡಿದವಳಂತೆ. "ಅದಕ್ಕ ಎಲ್ಲಾ ಮಲಗಿಸಿಬಿಟ್ಟೆ."

ನಾಜಮೀನ ಗಿಡದ ಸಾಲುಗಳನ್ನು ಮಲಗಿಸಿ, ಕೆಳಗಿನವನ್ನು ಒಂದೊಂದಾಗಿ ಎಬ್ಬಿಸತೊಡಗಿದಳು. ಒಂಬತ್ತು ಸಾಲು ಆಗಿತ್ತು, ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಆದರೆ ಅವಳು ಬದಲಿಸಿದ್ದು ಮಾತ್ರ ಹೋಗಿತ್ತು. ಫೈಲು ಡಿಸ್ಕಿನಲ್ಲಿ ಮೊದಲಿನಂತೆಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನೇ ಮೂರು ಸಲ ಸಾವಕ್ಕನಿಗೆ ಹೇಳಿದಳು, ಅದಕ್ಕಿಂತ ಹೆಚ್ಚಾಗಿ ತನಗೆ.

ಎರಡು ತಾಸು ಕರೆಂಟ್ ಬರಲಿಲ್ಲ. ಮೂವರೂ ರೊಟ್ಟಿ ಬಿಚ್ಚಿ ತಿಂದರು. ಅನ್ನಪೂರ್ಣ ತಾನು ಕಸೂತಿ ಹಾಕಿದ ಕುಪ್ಪಸದ ಬಟ್ಟೆ ತಂದು ಸಾವಕ್ಕನ ಮಡಿಲಿಗೆ ಹಾಕಿದಳು. ಸಾವಕ್ಕ ಕಣ್ಣು ಮುಚ್ಚಿ ನಡುಗುವ ಬೆರಳುಗಳಿಂದ ಆ ಗಿಡವನ್ನು ಬುಡದಿಂದ ತುದಿಯವರೆಗೆ ಸವರಿದಳು. ಸವರುತ್ತ ಸವರುತ್ತ ಗೋಡೆಗೆ ಒರಗಿ ನಿದ್ದೆ ಹೋದಳು. ಹೊರಗೆ ಸಣ್ಣಗೆ ಮಳೆ ಹಿಡಿಯಿತು. ಗೆಳತಿಯರಿಬ್ಬರೂ ಅವಳು ಏಳದಂತೆ ಪಿಸುದನಿಯಲ್ಲಿ ಮಾತಾಡಿದರು: ಒಂದು ವರ್ಷದಿಂದ ಎಂಟಕ್ಷರದ ಹೆಸರುಗಳಲ್ಲಿ ಹಿಡಿಯದೆ ಉಳಿದ ಮಾತುಗಳನ್ನೆಲ್ಲ.

ಕರೆಂಟ್ ಬಂದ ಮೇಲೆ ಹದಿನೆಂಟು ಸಾಲುಗಳೂ ಎದ್ದವು. ಪರದೆಯ ಮೇಲೆ ಹಕ್ಕಿಗಳು ಬಂದವು. ಎಲ್ಲವೂ ಒಂದೇ ಕಡೆ ಮುಖ ಮಾಡಿ, ರೆಕ್ಕೆ ಬಡಿಯದೆ, ಸಾಲಾಗಿ.

ಸಾವಕ್ಕ ಬಹಳ ಹೊತ್ತು ನೋಡಿದಳು. "ಇವೇ," ಎಂದಳು. ಮತ್ತೆ ನೋಡಿದಳು. "ಆದರ ಸಣ್ಣು ಅದಾವ."

"ದೊಡ್ಡು ಮಾಡ್ಲ್ಯಾ?"

"ಬ್ಯಾಡವಾ. ಅಲ್ಲಿ ದೊಡ್ಡು ಇದ್ವು. ಇಲ್ಲಿ ಇಷ್ಟ ಇರ್ಲಿ." ಅವಳ ಕಣ್ಣುಗಳು ತೇವವಾಗಿದ್ದವು. ಸಂತೋಷಕ್ಕೋ, ಅಷ್ಟೇ ಉಳಿದದ್ದಕ್ಕೋ ನಾಜಮೀನಳಿಗೆ ತಿಳಿಯಲಿಲ್ಲ. ಸಾವಕ್ಕ ಅನ್ನಪೂರ್ಣಳ ಕಡೆ ತಿರುಗಿದಳು. "ಆ ಗಿಡ ಯಾಕ ಹಾಕಿದಿ?"

"ಹಕ್ಕಿ ಹಾರಿ ಹಾರಿ ದಣಿತಾವಂತ, ಕೂಡಾಕ ಜಾಗ ಮಾಡಿದ್ನಿರಿ. ಗಿಡ ದೊಡ್ಡದಾತು, ಹಕ್ಕಿಗೆ ಜಾಗಾನ ಉಳೀಲಿಲ್ಲ."

ಸಾವಕ್ಕ ನಕ್ಕಳು, ಬಸ್ಸು ಹತ್ತಿದಾಗಿನಿಂದ ಮೊದಲ ಸಲ. "ನನ್ನ ಹಕ್ಕಿ ಕೂಡಂಗಿಲ್ಲವಾ. ಆದರ ನಿನ್ನ ಗಿಡ ಭಾಳ ಚಲೋ ಐತಿ. ಸೆರಗಿಗೆ ಕೊಡ್ತೀಯೇನು?"

ಅಂಗಡಿಯಲ್ಲೇ ಕೂತು ನಾಜಮೀನ ಇನ್ನೊಂದು ಫೈಲು ಮಾಡಿದಳು: ಅಂಚಿಗೆ ಎರಡನೇ ಮುಂಜಾನೆಯ ಹಕ್ಕಿ, ಸೆರಗಿಗೆ ಶಿರೋಳದ ಮದುಮಗಳ ಗಿಡ, ಮೇಲೆ ಈಶಪ್ಪ ಸರ್ ಅವರ ಇಪ್ಪತ್ತು ಸಾಲುಗಳು. ಮೂರು ಫ್ಲಾಪಿಗಳಲ್ಲಿ ಇಟ್ಟುಕೊಂಡಳು. ಅನ್ನಪೂರ್ಣಳ ಉಳಿದ ಫೈಲುಗಳನ್ನೂ, ಒಂದನ್ನೂ ಬಿಡದೆ, ನಕಲು ಮಾಡಿಕೊಂಡಳು.

ನಾಜಮೀನ ಪರದೆ ನೋಡಿ ತುಂಬಿಕೊಟ್ಟ ಹಾಳೆಯ ಚೌಕಗಳನ್ನು ನೋಡಿ ಗವಿಸಿದ್ದಪ್ಪ ಮಗ್ಗದ ದಾರ ಕಟ್ಟಿ ಮುಗಿಸಲು ಹನ್ನೆರಡು ದಿನ ಹಿಡಿಯಿತು. ನೇಯ್ಗೆ ಒಂದು ಮೊಳ ಆದಾಗ ನಾಜಮೀನಳನ್ನು ಕರೆಕಳಿಸಿದ. ಅವನ ಮುಖ ಸಪ್ಪಗಾಗಿತ್ತು.

"ನೋಡವಾ. ಕಟ್ಟೂವಾಗ ಒಂದು ಮನಿ ತಪ್ಪೇನಿ. ಒಂದು ಹಕ್ಕಿ ರೆಕ್ಕಿ ಎತ್ತೇತಿ. ಬಿಚ್ಚಿ ಮತ್ತ ಕಟ್ತೇನಿ."

ನಿಜ. ಪ್ರತಿ ಸಾಲಿನಲ್ಲಿ ಒಂದು ಹಕ್ಕಿಯ ರೆಕ್ಕೆ ಒಂದು ಚೌಕದಷ್ಟು ಮೇಲೆದ್ದಿತ್ತು, ಅದೊಂದೇ ಈಗ ಹಾರಲು ಶುರುಮಾಡಿದಂತೆ. ಸಾವಕ್ಕ ಮಗ್ಗದ ಕುಣಿಯ ಅಂಚಿಗೆ ಕೂತು, ಬಟ್ಟೆಯ ಹತ್ತಿರ ಮುಖ ತಂದು ನೋಡಿದಳು.

"ಬಿಚ್ಚಬ್ಯಾಡ್ರಿ," ಎಂದಳು ಗಂಡನಿಗೆ. "ನನಗ ಪೂರ್ತಿ ಕಾಣೂವಷ್ಟರಾಗ ಎಚ್ಚರಾಗಿತ್ತು. ಮುಂದ ಹಿಂಗ ಇದ್ದೀತು."

ನಾಜಮೀನ ಮನೆಗೆ ಹೋಗಿ ನೋಟುಬುಕ್ಕು ತಂದಳು. ಬಟ್ಟೆಯ ಎಳೆಗಳನ್ನು ಬೆರಳಿನಿಂದ ಎಣಿಸಿ, ಎಲ್ಲಿ ಯಾವ ಚೌಕ ಜರುಗಿದೆಯೆಂದು ಗುರುತು ಮಾಡಿಕೊಂಡಳು. ಆ ಸಂಜೆ ಫೈಲಿನಲ್ಲಿ ಸರಿಯಿದ್ದ ಸಾಲನ್ನು ಮಲಗಿಸಿ, ಅದರ ಕೆಳಗೆ ಗವಿಸಿದ್ದಪ್ಪನ ಸಾಲನ್ನು ಬರೆದಳು.

ಹುಣ್ಣಿಮೆಯ ಎರಡು ದಿನ ಮುಂಚೆ ಸೀರೆ ಮಗ್ಗದಿಂದ ಇಳಿಯಿತು. ಗಂಡಹೆಂಡಿರಿಬ್ಬರೂ ಎರಡು ತುದಿ ಹಿಡಿದು ಅದನ್ನು ಓಣಿಯಲ್ಲಿ ಬಿಚ್ಚಿದರು. ಊರ ಗುಡ್ಡದ ಕಡೆಯಿಂದ ಗಾಳಿ ಬಂದು ಅದರ ಕೆಳಗೆ ಹೊಕ್ಕಿತು. ಇಡೀ ಸೀರೆ ಮೇಲೆದ್ದು, ಸೆರಗಿನ ಗಿಡ ಒಮ್ಮೆ ಬಾಗಿ ನೆಟ್ಟಗಾಯಿತು. ಅಂಚಿನ ಹಕ್ಕಿಗಳು ಓಣಿಯ ಉದ್ದಕ್ಕೂ ಹೊರಟು, ಹೊರಟಲ್ಲೇ ಉಳಿದವು. ಹೋಗುವವರು ನಿಂತರು. ಫಕೀರಸಾಬ ಬಿಲ್ಲು ಕೆಳಗಿಟ್ಟು ಹೊರಗೆ ಬಂದು, ಮೈಮೇಲಿನ ಅರಳೆಯನ್ನೂ ಝಾಡಿಸಿಕೊಳ್ಳದೆ ನೋಡಿದ.

"ಗಟ್ಟಿ ಹಿಡೀರಿ, ನೆಲಕ್ಕ ಹತ್ತೀತು," ಎಂದಳು ಸಾವಕ್ಕ. ಗಾಳಿ ಇಳಿಯುವವರೆಗೆ ಇಬ್ಬರೂ ಹಾಗೆಯೇ ಹಿಡಿದು ನಿಂತಿದ್ದರು. ಆಮೇಲೆ ಹತ್ತಿರ ಬಂದು, ಅಂಚಿಗೆ ಅಂಚು ಕೂಡಿಸಿ, ಮಡಚತೊಡಗಿದರು.